ತಕ್ಕಡಿ ಹಿಡಿದು ಇತಿಹಾಸ ಓದಿದವರು

ಕೈಯಿಂದ ಕೈಗೆ, ಜೇಬಿನಿಂದ ಗಲ್ಲಾಪೆಟ್ಟಿಗೆಗೆ ಓಡಾಡುವ ನಾಣ್ಯವೊಂದು ವರ್ಷಕ್ಕೆ ಎಷ್ಟು ಸವೆಯುತ್ತದೆ? 1940ರ ಸುಮಾರಿಗೆ ಪುಣೆಯ ಫರ್ಗ್ಯುಸನ್ ಕಾಲೇಜಿನ ಗಣಿತದ ಮೇಷ್ಟ್ರೊಬ್ಬರು ಈ ಪ್ರಶ್ನೆಯ ಬೆನ್ನು ಹತ್ತಿದರು. ಆಗ ಚಲಾವಣೆಯಲ್ಲಿದ್ದ ನಾಣ್ಯಗಳನ್ನು ಸಾವಿರಗಟ್ಟಲೆ ಒಟ್ಟುಮಾಡಿ, ಒಂದೊಂದನ್ನೂ ಸೂಕ್ಷ್ಮ ತಕ್ಕಡಿಗೆ ಹಾಕಿ, ಅದರ ಮೇಲಿನ ಇಸವಿ ನೋಡಿ ತೂಕ ಬರೆದಿಟ್ಟರು. ನೋಡಿದವರಿಗೆ ಇದು ಹುಚ್ಚಾಟದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರಿಗೆ ಬೇಕಾಗಿದ್ದುದು ಆ ಕಾಲದ ರೂಪಾಯಿಯ ಚರಿತ್ರೆಯಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ತಕ್ಷಶಿಲೆಯ ಮಣ್ಣಿನಲ್ಲಿ ಯಾರೋ ಹೂತಿಟ್ಟ ಬೆಳ್ಳಿ ತುಣುಕುಗಳ ವಯಸ್ಸು ತಿಳಿಯಬೇಕಾಗಿತ್ತು.

ಆ ಮೇಷ್ಟ್ರು ದಾಮೋದರ ಧರ್ಮಾನಂದ ಕೋಸಂಬಿ. ಓದಿದ್ದು ಗಣಿತ, ಹೊಟ್ಟೆಪಾಡಿಗೆ ಹಿಡಿದದ್ದೂ ಗಣಿತ. ಪ್ರಾಚೀನ ಭಾರತದ ಇತಿಹಾಸವನ್ನು ಬರೆಯುವ ಬಗೆಯನ್ನೇ ಬದಲಿಸಿದವರೂ ಅವರೇ.

ಮುದ್ರಾಂಕಿತ ನಾಣ್ಯಗಳು ನಮ್ಮ ದೇಶದ ಅತಿ ಹಳೆಯ ನಾಣ್ಯಗಳು. ಬೆಳ್ಳಿಯ ತಗಡನ್ನು ಕತ್ತರಿಸಿ, ತೂಕ ಸರಿಹೋಗುವಂತೆ ಮೂಲೆ ಚಿವುಟಿ, ಒಂದು ಮೈಗೆ ಐದು ಮುದ್ರೆ ಒತ್ತಿರುತ್ತಾರೆ. ಸೂರ್ಯ, ಆರು ಕವಲಿನ ಚಕ್ರ, ಆನೆ, ಗೂಳಿ, ಬೆಟ್ಟದ ಮೇಲಿನ ಚಂದ್ರ ಹೀಗೆ. ಅಕ್ಷರವಿಲ್ಲ, ರಾಜನ ಹೆಸರಿಲ್ಲ, ಇಸವಿಯಂತೂ ಇಲ್ಲವೇ ಇಲ್ಲ. ಇವುಗಳ ನಿಗದಿತ ತೂಕ 32 ಗುಲಗಂಜಿ, ಇವತ್ತಿನ ಲೆಕ್ಕದಲ್ಲಿ ಮೂರರಿಂದ ಮೂರೂವರೆ ಗ್ರಾಂ. 1924ರಲ್ಲಿ ತಕ್ಷಶಿಲೆಯ ಭೀರ್ ದಿಬ್ಬದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ನಾಣ್ಯಗಳ ನಿಧಿ ಸಿಕ್ಕಿತು. ಅದರೊಳಗೆ ಅಲೆಕ್ಸಾಂಡರನ ನಾಣ್ಯವೂ ಅವನ ನಂತರ ಪಟ್ಟಕ್ಕೆ ಬಂದ ಫಿಲಿಪ್ ಅರಿಡಿಯಸ್‌ನ ನಾಣ್ಯವೂ ಇದ್ದವು, ಆಗಷ್ಟೇ ಟಂಕಸಾಲೆಯಿಂದ ಬಂದಷ್ಟು ಹೊಸದಾಗಿ. ಹಾಗಾಗಿ ನಿಧಿಯನ್ನು ಹೂತದ್ದು ಕ್ರಿ.ಪೂ. ನಾಲ್ಕನೇ ಶತಮಾನದ ಕೊನೆಗೆ ಎಂಬುದು ಗೊತ್ತಾಯಿತು. ಆದರೆ ಸಾವಿರ ಬೆಳ್ಳಿ ತುಣುಕುಗಳಲ್ಲಿ ಯಾವುದು ಮೊದಲಿನದು, ಯಾವುದು ಆಮೇಲಿನದು? ಪಂಡಿತರು ಚಿಹ್ನೆಗಳಿಗೆ ತಮಗೆ ತೋಚಿದ ಅರ್ಥ ಹೇಳುತ್ತಿದ್ದರೇ ಹೊರತು ಈ ಪ್ರಶ್ನೆಗೆ ಗಟ್ಟಿಯಾದ ಉತ್ತರವಿರಲಿಲ್ಲ.

ಕೋಸಂಬಿ ಹಿಡಿದ ಎಳೆ ಸರಳ. ಒಂದೇ ಅಳತೆಗೆ ತಯಾರಾದ ನಾಣ್ಯಗಳು ಚಲಾವಣೆಯಲ್ಲಿ ಸವೆಯುತ್ತಾ ಹೋದಂತೆ ಅವುಗಳ ಸರಾಸರಿ ತೂಕ ಇಳಿಯುತ್ತದೆ. ಎಲ್ಲವೂ ಸಮನಾಗಿ ಸವೆಯುವುದಿಲ್ಲವಾದ್ದರಿಂದ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೆಚ್ಚುತ್ತದೆ. ಇಸವಿ ಅಚ್ಚಾಗಿದ್ದ ತಮ್ಮ ಕಾಲದ ನಾಣ್ಯಗಳ ಮೇಲೆ ಇದನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡರು. ಒಂದೇ ದಿನ ಹೂತ ನಿಧಿಯಲ್ಲಿ ಒಂದೇ ಬಗೆಯ ಮುದ್ರೆಗಳಿರುವ ನಾಣ್ಯಗಳನ್ನು ಗುಂಪು ಮಾಡಿದರೆ, ಹೆಚ್ಚು ಸವೆದ ಗುಂಪು ಹೆಚ್ಚು ಹಳೆಯದಾಗಿರಲೇಬೇಕು. ನಾಣ್ಯದ ಹಿಂಬದಿಯಲ್ಲಿ ಕಾಣುವ ಚಿಕ್ಕಚಿಕ್ಕ ಗುರುತುಗಳ ಗುಟ್ಟೂ ಈ ದಾರಿಯಲ್ಲೇ ಬಿಚ್ಚಿಕೊಂಡಿತು. ಗುರುತುಗಳು ಹೆಚ್ಚಿದಷ್ಟೂ ತೂಕ ಕಡಿಮೆ! ಅಂದರೆ ಅವು ಅರಸನ ಮುದ್ರೆಗಳಲ್ಲ. ಕಾಲಕಾಲಕ್ಕೆ ನಾಣ್ಯವನ್ನು ಪರೀಕ್ಷಿಸಿ ‘ಸರಿಯಿದೆ’ ಎಂದು ಚಿನಿವಾರರು, ವರ್ತಕರು ಒತ್ತಿದ ಗುರುತುಗಳು ಎಂದು ಅವರು ವಾದಿಸಿದರು. ಒಂದು ಸಾಲೂ ಬರಹ ಬಿಟ್ಟುಹೋಗದ ಪೇಟೆಯ ಜನ ಹೀಗೆ ಇತಿಹಾಸದೊಳಕ್ಕೆ ಬಂದರು. ಕೋಸಂಬಿಯವರ ಕೆಲಸದಲ್ಲೆಲ್ಲ ಮನಸ್ಸಿನಲ್ಲಿ ಉಳಿಯುವುದು ಇದೇ: ಅರಮನೆಯ ಕಡೆಯಿಂದ ಹೊರಟ ಪ್ರಶ್ನೆ ಸಂತೆಗೋ ಹೊಲಕ್ಕೋ ಹೋಗಿ ಮುಟ್ಟುತ್ತದೆ.

ಅವರು ಹುಟ್ಟಿದ್ದು 1907ರ ಜುಲೈ 31ರಂದು, ಗೋವೆಯ ಕೋಸಂಬೆಯಲ್ಲಿ, ಸಾರಸ್ವತ ಮನೆತನದಲ್ಲಿ. ತಂದೆ ಧರ್ಮಾನಂದ ಕೋಸಂಬಿಯವರ ಬದುಕೇ ಒಂದು ಕಾದಂಬರಿಗಾಗುವಷ್ಟಿದೆ. ಬುದ್ಧನ ಧರ್ಮ ಏನೆಂದು ತಿಳಿಯಲೇಬೇಕೆಂಬ ಹಟಕ್ಕೆ ಬಿದ್ದು 1899ರಲ್ಲಿ ಹೆಂಡತಿ, ಹಸುಗೂಸು ಮಗಳನ್ನು ಮನೆಯಲ್ಲಿ ಬಿಟ್ಟು ಹೊರಟವರು ಅವರು. ಪುಣೆ, ಕಾಶಿ, ನೇಪಾಳ ಸುತ್ತಿ ಸಿಂಹಳಕ್ಕೆ ಹೋಗಿ ಪಾಲಿ ಕಲಿತರು, ಭಿಕ್ಷುವಾದರು, ಬರ್ಮಾಕ್ಕೂ ಹೋದರು, ಏಳು ವರ್ಷದ ಮೇಲೆ ಮನೆಗೆ ಮರಳಿದರು. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯ ಪಾಲಿ ಗ್ರಂಥ ‘ವಿಶುದ್ಧಿಮಾರ್ಗ’ದ ಸಂಪಾದನೆಗೆ ಅವರನ್ನು ಕರೆಸಿಕೊಂಡಿತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೂ ಹೋದರು. 1947ರ ಜೂನ್‌ನಲ್ಲಿ ಸೇವಾಗ್ರಾಮದಲ್ಲಿ ಅನ್ನ ಬಿಟ್ಟು ದೇಹ ತ್ಯಜಿಸಿದರು.

ಮನೆಯಲ್ಲಿ ‘ಬಾಬಾ’ ಎನಿಸಿಕೊಂಡಿದ್ದ ದಾಮೋದರ 1918ರಲ್ಲಿ ತಂದೆ ಮತ್ತು ಅಕ್ಕ ಮಾಣಿಕಳ ಜೊತೆ ಅಮೆರಿಕದ ಕೇಂಬ್ರಿಜ್ ಪಟ್ಟಣಕ್ಕೆ ಹೋದಾಗ ಹನ್ನೊಂದರ ಹುಡುಗ. ಶಾಲೆ ಮುಗಿಸಿದ್ದು ಅಲ್ಲೇ. ಹಾರ್ವರ್ಡ್‌ನಲ್ಲಿ ಗಣಿತಜ್ಞ ಬರ್ಕಾಫ್ ಅವರ ಶಿಷ್ಯನಾದರೂ ಗಣಿತವೊಂದಕ್ಕೇ ಅಂಟಿ ಕೂರುವ ಜಾಯಮಾನ ಅವರದಲ್ಲ. ಭಾಷೆ, ಇತಿಹಾಸ, ವಿಜ್ಞಾನ ಎಂದು ಸಿಕ್ಕಿದ್ದನ್ನೆಲ್ಲ ಓದಿಕೊಂಡು 1929ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದರು. ಡಾಕ್ಟರೇಟ್ ಮಾಡಲೇ ಇಲ್ಲ. ಆರ್ಥಿಕ ಕುಸಿತದ ಆ ವರ್ಷ ಊರಿಗೆ ಮರಳಿ ಕಾಶಿ ಹಿಂದೂ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿಂದ ಅವರನ್ನು ಅಲಿಗಢಕ್ಕೆ ಕರೆದವರು ಇಪ್ಪತ್ತನಾಲ್ಕರ ಪ್ರಾಯದಲ್ಲೇ ಅಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರಾನ್ಸಿನ ಆಂದ್ರೆ ವೇಯ್. ಸಹೋದ್ಯೋಗಿಯೊಬ್ಬರ ಬಿಂಕ ಇಳಿಸಲು ವೇಯ್ ಕೊಟ್ಟ ಸಲಹೆಯಂತೆ, ಬೂರ್ಬಾಕಿ ಎಂಬ ಇಲ್ಲದ ರಷ್ಯನ್ ಗಣಿತಜ್ಞನ ಹೆಸರು ಮುಂದಿಟ್ಟು ಕೋಸಂಬಿ 1931ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿಯೇಬಿಟ್ಟರು. ಮುಂದೆ ವೇಯ್ ಮತ್ತು ಗೆಳೆಯರು ಅದೇ ಹೆಸರಿನಲ್ಲಿ ಬರೆದ ಗ್ರಂಥಮಾಲೆ ಇಪ್ಪತ್ತನೇ ಶತಮಾನದ ಗಣಿತಕ್ಕೇ ಹೊಸ ರೂಪ ಕೊಟ್ಟಿತು. ಗಣಿತ ಸಾಹಿತ್ಯದಲ್ಲಿ ಬೂರ್ಬಾಕಿಯ ಹೆಸರು ಮೊದಲು ಕಾಣಿಸಿಕೊಂಡದ್ದು ಕೋಸಂಬಿಯವರ ಬರಹದಲ್ಲಿ.

ಅಲಿಗಢದಿಂದ ಪುಣೆಗೆ ಬಂದು ಫರ್ಗ್ಯುಸನ್ ಕಾಲೇಜಿನಲ್ಲಿ 1945ರವರೆಗೆ ಪಾಠ ಹೇಳಿದರು. ಸಂಖ್ಯಾಶಾಸ್ತ್ರವನ್ನು ತಾವೇ ಕಲಿಯಬೇಕು, ಅದಕ್ಕೊಂದು ನಿಜವಾದ ಸಮಸ್ಯೆ ಬೇಕು ಎಂದು ಹುಡುಕುವಾಗ ಕೈಗೆ ಸಿಕ್ಕಿದ್ದೇ ಆ ನಾಣ್ಯಗಳು. ನಾಣ್ಯಗಳ ಸರದಿ ತಿಳಿಯಿತು. ಟಂಕಿಸಿದ ಅರಸರು ಯಾರು? ಅದಕ್ಕೆ ಪುರಾಣ, ಬೌದ್ಧ, ಜೈನ ಗ್ರಂಥಗಳನ್ನು ನೋಡಬೇಕು. ಗ್ರಂಥಗಳ ಪಾಠ ನಂಬುವಂತಿದೆಯೇ? ಅದಕ್ಕೆ ಸಂಸ್ಕೃತ ಬೇಕು, ಹಸ್ತಪ್ರತಿ ಓದಲು ಬರಬೇಕು. ಒಂದು ಬಾಗಿಲು ಇನ್ನೊಂದಕ್ಕೆ ತೆರೆದುಕೊಳ್ಳುತ್ತಾ ಹೋಯಿತು.

ಪುಣೆಯ ಭಂಡಾರಕರ ಸಂಸ್ಥೆಯಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿ ನಡೆಯುತ್ತಿದ್ದ ಕಾಲವದು. ಅದರ ಸಂಪಾದಕ ವಿ.ಎಸ್. ಸುಕ್ತಣಕರ್ ಅವರ ಒಡನಾಟದಲ್ಲಿ ಗ್ರಂಥ ಸಂಪಾದನೆಯ ಶಿಸ್ತು ಕೋಸಂಬಿಯವರಿಗೆ ಮೈಗೂಡಿತು. ಅವರು ಆರಿಸಿಕೊಂಡ ಕವಿ ಭರ್ತೃಹರಿ. ನೀತಿ, ಶೃಂಗಾರ, ವೈರಾಗ್ಯ ಎಂದು ಮೂರು ಶತಕ. ಕನ್ನಡದ ಮನೆಗಳಲ್ಲೂ ಹಿರಿಯರ ಬಾಯಲ್ಲಿ ನಿಂತ ಶ್ಲೋಕಗಳು. ಆದರೆ ಕಾಶ್ಮೀರದಿಂದ ಕೇರಳದವರೆಗಿನ ನೂರಾರು ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮುನ್ನೂರಕ್ಕೆ ಬದಲು ಎಂಟುನೂರಕ್ಕೂ ಹೆಚ್ಚು ಪದ್ಯಗಳು ಭರ್ತೃಹರಿಯ ಹೆಸರಿನಲ್ಲಿ ಓಡಾಡುತ್ತಿದ್ದವು. ಎಲ್ಲ ಕಡೆಯ ಪ್ರತಿಗಳಲ್ಲೂ ಸಾಮಾನ್ಯವಾಗಿ ಸಿಗುವುದು ಸುಮಾರು 200. ಅವನ್ನೇ ಬೇರೆಯಾಗಿ ನಿಲ್ಲಿಸಿ, ಉಳಿದವನ್ನು ಆಧಾರದ ಬಲಾಬಲ ನೋಡಿ ವಿಂಗಡಿಸಿ 1948ರಲ್ಲಿ ಅವರು ಹೊರತಂದ ಆವೃತ್ತಿ ಇಂದಿಗೂ ಭರ್ತೃಹರಿಯ ಅಧ್ಯಯನಕ್ಕೆ ಮೊದಲ ಮೆಟ್ಟಿಲು. ಗಣಿತದ ಮೇಷ್ಟ್ರ ಬಿಡುವಿನ ಹವ್ಯಾಸವಲ್ಲ ಇದು. ಸಂಸ್ಕೃತವೊಂದನ್ನೇ ಓದಿದವರಿಗೆ ಜೀವಮಾನದ ಸಾಧನೆ ಎನಿಸಿಕೊಳ್ಳುವಂಥದ್ದು.

ಇದರ ಬೆನ್ನಿಗೇ ಇನ್ನೊಂದು. ಬಂಗಾಳದ ಜಗದ್ದಲ ವಿಹಾರದಲ್ಲಿ ಕ್ರಿ.ಶ. 1100ರ ಆಸುಪಾಸಿನಲ್ಲಿದ್ದ ವಿದ್ಯಾಕರನೆಂಬ ಬೌದ್ಧ ವಿದ್ವಾಂಸ ಕೂಡಿಸಿಟ್ಟ ಕಾವ್ಯಸಂಕಲನ ‘ಸುಭಾಷಿತರತ್ನಕೋಶ’. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ಮಠದಲ್ಲಿ ಫೋಟೊ ತೆಗೆದು ತಂದ ತಾಳೆಗರಿ ಪ್ರತಿಯ ಆಧಾರದಲ್ಲಿ ವಿ.ವಿ. ಗೋಖಲೆಯವರ ಜೊತೆ ಕೋಸಂಬಿ ಅದನ್ನು ಸಂಪಾದಿಸಿದರು. 1957ರಲ್ಲಿ ಹಾರ್ವರ್ಡ್‌ನ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅದು ಪ್ರಕಟವಾಯಿತು. ಸಂಸ್ಕೃತ ಕಾವ್ಯ ಬೆಳೆದದ್ದು ಯಾರ ಹಂಗಿನಲ್ಲಿ, ಯಾರ ದುಡಿಮೆಯ ಮೇಲೆ ಎಂದು ಮುನ್ನುಡಿಯಲ್ಲಿ ಖಾರವಾಗಿಯೇ ಕೇಳಿದರು. ಮಾಲೆಯ ಸಂಪಾದಕ ಡೇನಿಯಲ್ ಇಂಗಾಲ್ಸ್‌ಗೆ ಈ ಮಾರ್ಕ್ಸ್‌ವಾದಿ ನೋಟ ಒಪ್ಪಿಗೆಯಾಗಲಿಲ್ಲ. ಆದರೂ ಮುನ್ನುಡಿಯನ್ನು ಅಚ್ಚು ಹಾಕಿಸಿದರು, ತಮ್ಮ ಭಿನ್ನಮತವನ್ನು ಬಚ್ಚಿಡಲೂ ಇಲ್ಲ. 1965ರಲ್ಲಿ ಅದೇ ಸಂಕಲನವನ್ನು ತಾವೇ ಸೊಗಸಾಗಿ ಇಂಗ್ಲಿಷಿಗೆ ತಂದರು. ವಿದ್ವತ್ತಿನ ಜಗಳ ಹೀಗಿರಬೇಕು.

ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಮುಂಬೈಗೆ ಸ್ಥಳಾಂತರವಾದ ಆ ಸಂಸ್ಥೆಯಲ್ಲಿ ಗಣಿತ ವಿಭಾಗದ ಮೊದಲ ಆಧಾರಸ್ತಂಭ ಕೋಸಂಬಿ. ಮನೆ ಮಾತ್ರ ಪುಣೆಯಲ್ಲೇ. ಡೆಕ್ಕನ್ ಕ್ವೀನ್ ರೈಲಿನಲ್ಲಿ ಬೆಳಿಗ್ಗೆ ಘಾಟ್ ಇಳಿದು ಸಂಜೆ ಘಾಟ್ ಹತ್ತುವ ಓಡಾಟ ವರ್ಷಗಟ್ಟಲೆ ನಡೆಯಿತು. ಓದು, ಬರಹ, ಯೋಚನೆಗಳಲ್ಲಿ ಎಷ್ಟೋ ಪಾಲು ಆ ರೈಲಿನಲ್ಲೇ. 1943ರಲ್ಲಿ ಅವರು ಬರೆದ ಸಂಖ್ಯಾಶಾಸ್ತ್ರದ ಪ್ರಬಂಧವೊಂದರ ತಿರುಳು ಮುಂದೆ ಕಾರ್ಹುನೆನ್, ಲೊಯೆವ್ ಎಂಬಿಬ್ಬರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಈಗ ಹಲವರು ಅದಕ್ಕೆ ಕೋಸಂಬಿಯ ಹೆಸರನ್ನೂ ಸೇರಿಸುತ್ತಾರೆ. ವರ್ಣತಂತುವಿನ ಮೇಲೆ ಜೀನುಗಳ ನಡುವಿನ ದೂರ ಲೆಕ್ಕಹಾಕಲು 1944ರಲ್ಲಿ ಅವರು ಕೊಟ್ಟ ಸೂತ್ರವನ್ನು ಬೆಳೆ ತಳಿಗಳ ಮೇಲೆ ಕೆಲಸ ಮಾಡುವ ತಳಿವಿಜ್ಞಾನಿಗಳು ಇವತ್ತಿಗೂ ಬಳಸುತ್ತಾರೆ.

ಭಾಭಾ ಅವರೊಂದಿಗಿನ ಸಂಬಂಧ ಬರಬರುತ್ತಾ ಕೆಟ್ಟಿತು. ಕೋಸಂಬಿ ವಿಶ್ವಶಾಂತಿ ಚಳವಳಿಯಲ್ಲಿದ್ದರು, ಸೋವಿಯತ್ ಒಕ್ಕೂಟಕ್ಕೂ ಚೀನಾಕ್ಕೂ ಹೋಗಿಬಂದಿದ್ದರು. ಅಣುಶಕ್ತಿಗೆ ಸುರಿಯುವ ಹಣ ಬಡ ದೇಶಕ್ಕೆ ತಕ್ಕುದಲ್ಲ, ವರ್ಷದ ಬಹುಪಾಲು ಬಿಸಿಲು ಸುರಿಯುವ ನಮಗೆ ಸೌರಶಕ್ತಿಯೇ ದಾರಿ ಎಂದು 1950ರ ದಶಕದಲ್ಲೇ ಬಹಿರಂಗವಾಗಿ ವಾದಿಸಿದರು. ಅಣುಶಕ್ತಿ ಕಾರ್ಯಕ್ರಮದ ಚುಕ್ಕಾಣಿ ಹಿಡಿದವರ ಸಂಸ್ಥೆಯಲ್ಲೇ ಕುಳಿತು ಹೀಗೆ ಹೇಳುವುದು ಸಣ್ಣ ಮಾತಲ್ಲ. ಇತ್ತ ಗಣಿತದ ಬಹುದೊಡ್ಡ ಒಗಟಾದ ರೀಮನ್ ಊಹೆಯನ್ನು ಸಾಧಿಸಿದ್ದೇನೆಂದು ಅವರು ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಬರೆದದ್ದು ನಿಲ್ಲಲಿಲ್ಲ. ಗಣಿತಜ್ಞರ ನಡುವೆ ಅವರ ಹೆಸರಿಗೆ ಪೆಟ್ಟು ಬಿತ್ತು. 1962ರಲ್ಲಿ ಸಂಸ್ಥೆ ಒಪ್ಪಂದವನ್ನು ನವೀಕರಿಸಲಿಲ್ಲ.

ಆದರೆ ಇತಿಹಾಸಕಾರ ಕೋಸಂಬಿ ಅಷ್ಟರಲ್ಲಿ ಗಟ್ಟಿಯಾಗಿ ನೆಲೆಯೂರಿದ್ದರು. 1956ರಲ್ಲಿ ಬಂದ ಅವರ ‘ಭಾರತೀಯ ಇತಿಹಾಸ ಅಧ್ಯಯನಕ್ಕೆ ಪ್ರವೇಶ’ ರಾಜವಂಶಗಳ ಪಟ್ಟಿ ಹಿಡಿದು ಹೊರಡುವ ಪುಸ್ತಕವಲ್ಲ. ಜನ ಅನ್ನ ಹುಟ್ಟಿಸಿದ್ದು ಹೇಗೆ, ಅದನ್ನು ಹಂಚಿಕೊಂಡವರು ಯಾರು, ಕಿತ್ತುಕೊಂಡವರು ಯಾರು ಎಂಬುದೇ ಅದರ ಬೆನ್ನೆಲುಬು. ಮಗಧ ಮೇಲೆ ಬಂದದ್ದೇಕೆ? ಕಬ್ಬಿಣ, ತಾಮ್ರದ ಅದಿರಿನ ಗುಡ್ಡಗಳು ಅದಕ್ಕೆ ಹತ್ತಿರವಿದ್ದವು. ಗಂಗಾ ಬಯಲಿನ ದಟ್ಟ ಕಾಡು ಕಡಿದು ನೇಗಿಲು ಹೂಡಲು ಅವು ಬೇಕಿದ್ದವು. ಬುದ್ಧನ ಅಹಿಂಸೆ ರೈತರ ಮನಸ್ಸಿಗೆ ಹಿಡಿಸಿದ್ದೇಕೆ? ಯಜ್ಞಕ್ಕೆಂದು ದನ ಹೊಡೆದುಕೊಂಡು ಹೋಗುವ ಕಾಲದಲ್ಲಿ ಉಳುವವನಿಗೆ ಎತ್ತೇ ಪ್ರಾಣ. ಮೌರ್ಯರ ಕೊನೆಗಾಲದ ಬೆಳ್ಳಿ ನಾಣ್ಯಗಳಲ್ಲಿ ತಾಮ್ರ ಏರಿರುವುದನ್ನು ಕಂಡು, ಅಷ್ಟು ದೊಡ್ಡ ಸೈನ್ಯ, ಅಷ್ಟು ಅಧಿಕಾರಿಗಳನ್ನು ಸಾಕುವ ರಾಜ್ಯದ ಬೊಕ್ಕಸ ಬತ್ತುತ್ತಿತ್ತು ಎಂದರು. ರೊಮಿಲಾ ಥಾಪರ್ 1961ರ ತಮ್ಮ ಅಶೋಕನ ಕುರಿತ ಪುಸ್ತಕದಲ್ಲಿ ಇದನ್ನು ಪ್ರಶ್ನಿಸಿದರು. ವ್ಯಾಪಾರ ಬೆಳೆದು ಬೆಳ್ಳಿಯ ಕೊರತೆಯಾಗಿದ್ದರೂ ಹೀಗಾಗಬಹುದಲ್ಲವೇ ಎಂಬುದು ಅವರ ತರ್ಕ.

ಮಾರ್ಕ್ಸ್‌ವಾದಿಯಾಗಿದ್ದೂ ಸಿದ್ಧ ಅಚ್ಚಿಗೆ ಭಾರತವನ್ನು ಸುರಿಯಲು ಅವರು ಒಪ್ಪಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗ್ರೀಸ್, ರೋಮ್‌ಗಳಲ್ಲಿದ್ದಂಥ ಗುಲಾಮಗಿರಿಯ ಯುಗ ಇಲ್ಲೂ ಇತ್ತು ಎಂದು ಕಮ್ಯುನಿಸ್ಟ್ ನಾಯಕ ಎಸ್.ಎ. ಡಾಂಗೆ 1949ರಲ್ಲಿ ಪುಸ್ತಕ ಬರೆದಾಗ ಕೋಸಂಬಿ ಅದನ್ನು ಎಳೆ‌ಎಳೆಯಾಗಿ ಬಿಡಿಸಿ ಅಲ್ಲಗಳೆದರು. ತಮ್ಮವರು, ಪರರು ಎಂಬ ಭೇದ ಅವರ ಲೇಖನಿಗೆ ಇರಲಿಲ್ಲ.

ಇಷ್ಟೆಲ್ಲ ಬರೆದವರು ಭಾನುವಾರ ಬಂತೆಂದರೆ ಪುಣೆಯ ಸುತ್ತಲ ಗುಡ್ಡ ಹತ್ತುತ್ತಿದ್ದರು. ಕೈಯಲ್ಲಿ ನೆಲ ಕೆದಕಿ ಕಲ್ಲು ಎಬ್ಬಿಸಲು ಬರುವಂತೆ ತುದಿಗೆ ಉಳಿಯಂಥ ಕಬ್ಬಿಣ ಹಾಕಿಸಿದ ಊರುಗೋಲು. ಹುಡುಕುತ್ತಿದ್ದುದು ಉಗುರಿನಷ್ಟು ಚಿಕ್ಕ ಶಿಲಾಯುಗದ ಕಲ್ಲಿನ ಚೂರುಗಳನ್ನು. ಇವು ಸಿಗುವ ಜಾಗಗಳನ್ನು ಗುರುತು ಹಾಕುತ್ತಾ ಹೋದಂತೆ ಅವರಿಗೊಂದು ವಿಷಯ ಹೊಳೆಯಿತು. ಊರಾಚೆ, ದಾರಿ ಕೂಡುವಲ್ಲಿ, ಸಿಂಧೂರ ಬಳಿಸಿಕೊಂಡು ಕೂತ ಗ್ರಾಮದೇವತೆಯ ಕಲ್ಲುಗಳ ಬಳಿಯೇ ಅವು ಮತ್ತೆ ಮತ್ತೆ ಸಿಗುತ್ತಿದ್ದವು. ತುಕಾಯಿ, ಬೋಲ್ಹಾಯಿ ಮುಂತಾದ ಈ ತಾಯಂದಿರ ನೆಲೆಗಳು ಊರು ಹುಟ್ಟುವುದಕ್ಕೂ ಮೊದಲು ದನ, ಕುರಿ ಹೊಡೆದುಕೊಂಡು ತಿರುಗುತ್ತಿದ್ದ ಜನ ಸಂಧಿಸುತ್ತಿದ್ದ ಜಾಗಗಳು ಎಂದು ಅವರು ಊಹಿಸಿದರು. ಆ ಕಾಲುದಾರಿಗಳೇ ಮುಂದೆ ವರ್ತಕರ ಹಾದಿಗಳಾದವು. ಹಾದಿ ಘಟ್ಟ ಇಳಿಯುವಲ್ಲೇ ಕಾರ್ಲೆಯಂಥ ಬೌದ್ಧ ಗುಹೆಗಳು ಎದ್ದವು. ಕಾರ್ಲೆಯ ಚೈತ್ಯದ ಕಂಬಗಳ ಮೇಲೆ ಧೇನುಕಾಕಟದ ಯವನರು ಕೊಟ್ಟ ದಾನದ ಬರಹವಿದೆ. ಬಾಗಿಲ ಬದಿಯಲ್ಲೇ ಇಂದಿಗೂ ಮುಂಬೈ ಕರಾವಳಿಯ ಕೋಳಿ ಎಂಬ ಬೆಸ್ತ ಸಮುದಾಯದ ಜನ ಹರಕೆ ಹೊತ್ತು ಬರುವ ಏಕವೀರಾ ದೇವಿಯ ಗುಡಿಯಿದೆ. ಗುಹೆ ನೋಡಲು ಬಂದ ವಿದ್ವಾಂಸರು ಗುಡಿಯನ್ನು ದಾಟಿ ಹೋಗುತ್ತಿದ್ದರು. ಕೋಸಂಬಿ ಎರಡನ್ನೂ ಒಂದೇ ಇತಿಹಾಸದ ಪುಟಗಳೆಂದು ಓದಿದರು.

ದುರ್ಗೆಯ ಕೈಯಲ್ಲಿ ಸತ್ತ ಮಹಿಷನೇ ಮ್ಹಸೋಬಾ ಎಂಬ ಹೆಸರಿನಲ್ಲಿ ದೇವರಾಗಿ, ಕೆಲವೆಡೆ ದೇವಿಯ ಗಂಡನಾಗಿ ಪೂಜೆಗೊಳ್ಳುವುದನ್ನು ಅವರು ಗಮನಿಸಿದರು. ಒಂದು ಊರಲ್ಲಿ ಕೊಲೆ, ಪಕ್ಕದ ಊರಲ್ಲಿ ಮದುವೆ! ಎರಡು ಪಂಗಡಗಳು ಒಂದೆಡೆ ಕಾದಾಡಿದ, ಇನ್ನೊಂದೆಡೆ ಬೆರೆತ ನೆನಪು ಈ ಕಥೆಗಳಲ್ಲಿ ಉಳಿದಿದೆ ಎಂಬುದು ಅವರ ವಿವರಣೆ. ಚಾಮುಂಡಿ ಬೆಟ್ಟದ ಮಹಿಷಾಸುರನನ್ನು ನೋಡುತ್ತಾ ಬೆಳೆದ ನಮಗೆ ಇದು ದೂರದ ಮಾತಲ್ಲ. ಆಳಂದಿಯಿಂದ ಪಂಢರಪುರಕ್ಕೆ ಆಷಾಢದಲ್ಲಿ ಸಾಗುವ ಪಾಲಖಿಯ ಹಾದಿಯಲ್ಲೂ ಅವರಿಗೆ ಆ ಕಲ್ಲಿನ ಚೂರುಗಳು ಸಿಕ್ಕವು. ವಿಠ್ಠಲನ ಹೆಸರು ಕೇಳುವುದಕ್ಕೆ ಎಷ್ಟೋ ಮೊದಲು, ಋತುಮಾನಕ್ಕೆ ತಕ್ಕಂತೆ ಮಂದೆ ಹೊಡೆದುಕೊಂಡು ಜನ ನಡೆದ ದಾರಿಯೇ ಅದು ಎಂದು 1962ರ ‘ಮಿಥ್ಯೆ ಮತ್ತು ವಾಸ್ತವ’ ಕೃತಿಯಲ್ಲಿ ವಾದಿಸಿದರು.

ಅವರ ಮಾತೆಲ್ಲ ಉಳಿದಿದೆಯೆಂದಲ್ಲ. ಆರ್ಯರು ಸಿಂಧೂ ಜನರ ಅಣೆಕಟ್ಟೆ ಒಡೆದು ಆ ನಾಗರಿಕತೆಯನ್ನು ಹಾಳುಮಾಡಿದರು, ಇಂದ್ರ ನದಿಗಳನ್ನು ಬಿಡಿಸಿದ ಕಥೆಯ ತಿರುಳು ಅದೇ ಎಂಬ ಅವರ ನಂಬಿಕೆಯನ್ನು ಈಗಿನ ಪುರಾತತ್ತ್ವ ಒಪ್ಪುವುದಿಲ್ಲ. ಯಾವ ಮುದ್ರೆ ಯಾವ ಅರಸನದು ಎಂದು ಅವರು ಹೇಳಿದ್ದನ್ನೂ ನಾಣ್ಯಶಾಸ್ತ್ರಜ್ಞರೆಲ್ಲ ಒಪ್ಪಿಲ್ಲ. ಆದರೆ ಅವರನ್ನು ಅಲ್ಲಗಳೆಯಬೇಕಾದವರು ತಕ್ಕಡಿಯನ್ನೋ ಹಸ್ತಪ್ರತಿಯನ್ನೋ ಹಿಡಿಯಬೇಕಾಯಿತು, ಇಲ್ಲವೇ ಗುಡ್ಡ ಹತ್ತಬೇಕಾಯಿತು. ಬಾಯಿಮಾತಿನ ಪಾಂಡಿತ್ಯಕ್ಕೆ ಜಾಗವಿಲ್ಲದಂತೆ ಮಾಡಿದ್ದೇ ಅವರ ದೊಡ್ಡ ಕೊಡುಗೆ ಎಂದು ನಾನು ತಿಳಿದಿದ್ದೇನೆ.

1966ರ ಜೂನ್ 29ರಂದು, ಪುಣೆಯ ಮನೆಯಲ್ಲಿ ನಿದ್ದೆಯಲ್ಲೇ ಅವರು ತೀರಿಕೊಂಡರು. 59 ತುಂಬಲು ಒಂದು ತಿಂಗಳು ಬಾಕಿಯಿತ್ತು. ನಾಣ್ಯಗಳ ಬಗೆಗಿನ ಲೇಖನ ಅದೇ ವರ್ಷದ ಫೆಬ್ರುವರಿಯಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬಂದಿತ್ತು. ಹಳ್ಳಿಗಳಲ್ಲಿ ಇನ್ನೂ ಬದುಕಿರುವ ಪ್ರಾಗಿತಿಹಾಸದ ಕುರಿತ ಲೇಖನ ಅದೇ ಪತ್ರಿಕೆಯಲ್ಲಿ ಮರುವರ್ಷ, ಬರೆದವರು ಇಲ್ಲವಾದ ಮೇಲೆ ಅಚ್ಚಾಯಿತು. ಸಮಾಜಶಾಸ್ತ್ರಜ್ಞೆಯಾದ ಮಗಳು ಮೀರಾ ಕೋಸಂಬಿ ತಂದೆಯ, ಅಜ್ಜನ ಬರಹಗಳನ್ನು ಸಂಪಾದಿಸಿ ಹೊರತಂದರು. 2008ರಲ್ಲಿ ಅಂಚೆ ಇಲಾಖೆ ದಾಮೋದರ ಕೋಸಂಬಿಯವರ ನೆನಪಿಗೆ ಅಂಚೆಚೀಟಿ ತಂದಿತು.

ಅವರು ತೋರಿದ ಹಾದಿ ನಮ್ಮ ಸೀಮೆಗೂ ಬಂದು ಮುಟ್ಟುತ್ತದೆ. ಧಾರವಾಡದಲ್ಲಿ ಶಂ.ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಿಂದ ಶುರುಮಾಡಿ ಮಹಾರಾಷ್ಟ್ರದ ನೆಲದಲ್ಲಿ ಹಟ್ಟಿಕಾರರೆಂಬ ಪಶುಪಾಲಕರ ಜಾಡನ್ನು ಊರು, ಕುಲಗಳ ಹೆಸರಿನಲ್ಲಿ ಹುಡುಕಿದವರು. ಅದೇ ಪ್ರದೇಶದಲ್ಲಿ ಕೋಸಂಬಿ ಕಲ್ಲಿನ ಚೂರು ಹುಡುಕಿದರು. ಮುಂದೆ ಜರ್ಮನಿಯ ಗುಂಟರ್ ಸೊಂಥೈಮರ್ ಪುಣೆಗೆ ಬಂದು ಧನಗರ ಕುರಿಗಾರರ ಹಾಡುಗಳನ್ನು ಬರೆದುಕೊಂಡು, ಬೀರೋಬ, ಮ್ಹಸ್ಕೋಬ, ಖಂಡೋಬರ ಬೆನ್ನು ಹತ್ತಿ ನಮ್ಮ ಬೀರಪ್ಪ, ಮೈಲಾರರ ಬಾಗಿಲಿಗೂ ಬಂದರು. ರಾ.ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ ಮರಾಠಿ ಗ್ರಂಥದಲ್ಲಿ ವಿಠ್ಠಲನ ಮೂಲವನ್ನು ದನಗಾಹಿಗಳ ದೇವರಲ್ಲಿ, ಕನ್ನಡ-ತೆಲುಗು ನಾಡಿನ ಕಡೆಯಲ್ಲಿ ಹುಡುಕಿದರು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದ ಗಾಡಿ ಕಟ್ಟಿಕೊಂಡು ಬರುವವರ ದಾರಿಗಳನ್ನು, ಮೈಲಾರ, ದೇವರಗುಡ್ಡಗಳಿಗೆ ಕುರಿಗಾರರು ಬರುವ ಹಾದಿಗಳನ್ನು ಯಾರಾದರೂ ಕೋಸಂಬಿಯವರಂತೆ ಕಾಲ್ನಡಿಗೆಯಲ್ಲಿ ಸುತ್ತಿ, ಸಿಕ್ಕ ಕಲ್ಲು, ಕೇಳಿದ ಹಾಡು, ಗುಡಿಯ ಪೂಜೆಗಳನ್ನು ನಕಾಶೆಯಲ್ಲಿ ಗುರುತು ಹಾಕುತ್ತಾ ಬರೆಯಬೇಕು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಲ್ಲಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗಂತೂ ಕಾಣುವುದಿಲ್ಲ.